ಫಾರ್ವರ್ಡ್ ಮೀಮಾಂಸೆ

ಅರ್ಥಾತ್, ಶಾಲೆಗಳಲ್ಲಿ ಮಾಧ್ಯಮ ಸಾಕ್ಷರತೆಯನ್ನು ಏಕೆ ಕಲಿಸಕೂಡದು ಎಂಬುದರ ಸಪ್ರಮಾಣ ನಿರೂಪಣೆ

ಅಧ್ಯಾಯ 1: ಅಧಿಕಾರಿ ನಿರ್ಣಯ

ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲು ಅದನ್ನು ಓದಲು ಯಾರು ಅಧಿಕಾರಿ, ವಿಷಯವೇನು, ಪ್ರಯೋಜನವೇನು, ಸಂಬಂಧವೇನು ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಅದರಂತೆ, ಕನಿಷ್ಠ ಮೂರು ವಾಟ್ಸ್ಆ್ಯಪ್ ಗ್ರೂಪುಗಳಲ್ಲಿದ್ದು, ಒಂದಕ್ಕಾದರೂ ಅಡ್ಮಿನ್ ಆಗಿರುವವರು ಈ ಪ್ರಬಂಧಕ್ಕೆ ಅಧಿಕಾರಿಗಳು. ಬಂದ ಸಂದೇಶವನ್ನು ಓದದೆಯೇ ಫಾರ್ವರ್ಡ್ ಮಾಡುವವರು ಉತ್ತಮಾಧಿಕಾರಿಗಳು, ಅರ್ಧ ಓದಿ ಮಾಡುವವರು ಮಧ್ಯಮಾಧಿಕಾರಿಗಳು, ಪೂರ್ತಿ ಓದಿ ಮಾಡುವವರು ಮಂದಾಧಿಕಾರಿಗಳು. ಓದಿ ಸುಮ್ಮನಿರುವವರಿಗೆ ಇಲ್ಲಿ ಪ್ರವೇಶವಿಲ್ಲ. ವಿಷಯ: ಫಾರ್ವರ್ಡ್. ಪ್ರಯೋಜನ: ಲೋಕಕಲ್ಯಾಣ. ಸಂಬಂಧ: ಬೀಗರು, ಭಾವ, ಷಡ್ಡಕ, ಆಫೀಸಿನವರು ಹಾಗೂ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ.

ಈ ಶಾಸ್ತ್ರಕ್ಕೆ ಈಗ ಆಪತ್ತು ಬಂದಿದೆ. ಸುದ್ದಿಯನ್ನು ಹೇಗೆ ನೋಡಬೇಕು, ಹೇಗೆ ಅಳೆಯಬೇಕು ಎಂಬುದನ್ನು ಶಾಲೆಯಲ್ಲೇ ಕಲಿಸಬೇಕು, ಅಲ್ಲಿಂದ ಅದು ಮನೆಗೂ ಊರಿಗೂ ಹಬ್ಬಬೇಕು ಎಂದು ಕೆಲವರು ಹೇಳತೊಡಗಿದ್ದಾರೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯ ಗ್ರೂಪಿನಲ್ಲಿ “ದೊಡ್ಡಪ್ಪ, ಇದು ಎಲ್ಲಿಂದ ಬಂತು?” ಎಂದು ಕೇಳಿದಳೆನ್ನೋಣ. “ನಮ್ಮ ಆಫೀಸ್ ಗ್ರೂಪಲ್ಲಿ ಬಂದಿದ್ದು ಮಗೂ, ಅವರೆಲ್ಲ ಓದಿದೋರು” ಎಂಬ ಉತ್ತರ ಬರುತ್ತದೆ. “ಅವರಿಗೆ ಎಲ್ಲಿಂದ ಬಂತು ದೊಡ್ಡಪ್ಪ?” ಎಂದು ಅವಳು ಮತ್ತೆ ಕೇಳಿದರೆ ಆಮೇಲೆ ಗ್ರೂಪಿನಲ್ಲಿ ಯಾರೂ ಮಾತಾಡುವುದಿಲ್ಲ. ಸಂಜೆಯ ಹೊತ್ತಿಗೆ ಅತ್ತೆಯೊಬ್ಬರು ಗುಲಾಬಿ ಹೂವಿನ ‘ಶುಭೋದಯ’ ಹಾಕಿ ಶಾಂತಿ ಸ್ಥಾಪಿಸಬೇಕಾಗುತ್ತದೆ. ಇಂಥ ಕುಟುಂಬ ಕಲಹವನ್ನು ತಡೆಯುವುದೇ ಈ ಪ್ರಬಂಧದ ಉದ್ದೇಶ.

ಅಧ್ಯಾಯ 2: ಪರಂಪರೆ

ಫಾರ್ವರ್ಡ್ ಮೊಬೈಲಿನಿಂದ ಹುಟ್ಟಿತೆನ್ನುವುದು ಅಲ್ಪಜ್ಞರ ಮಾತು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲು ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಕಂಡವರು ಇನ್ನೂ ಇದ್ದಾರೆ. ರಾತ್ರಿ ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕೂಗುತ್ತದೆ, ಓಗೊಟ್ಟರೆ ಸಾವು, ಬಾಗಿಲ ಬರಹ ಕಂಡರೆ ಅದು ವಾಪಸು ಹೋಗುತ್ತದೆ ಎಂಬುದು ಆಗಿನ ಸುದ್ದಿ. ಸಂಶೋಧಕರು ಗಮನಿಸದೆ ಬಿಟ್ಟ ಅಂಶವೊಂದು ಇಲ್ಲಿದೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಆದರೆ ‘ನಿನ್ನೆಯೂ ಇದನ್ನೇ ಬರೆದಿತ್ತಲ್ಲ’ ಎಂದು ಅದು ಒಂದು ರಾತ್ರಿಯೂ ಯೋಚಿಸಲಿಲ್ಲ. ಸಾಕ್ಷರ ಹೌದು, ಮಾಧ್ಯಮ ಸಾಕ್ಷರವಲ್ಲ. ನಮ್ಮ ಶಾಸ್ತ್ರದ ಆದರ್ಶ ಓದುಗ ಆ ದೆವ್ವವೇ.

1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ಇಂಟರ್ನೆಟ್ಟಿನ ಹಂಗಿಲ್ಲದೆ, ಮನೆಯ ಫೋನು ಎಸ್‌ಟಿಡಿ ಬೂತುಗಳ ಬಲದಿಂದಲೇ, ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಮೇಲ್ಮೈ ಸೆಳೆತದಿಂದ ಚಮಚದ ಅಂಚು ದಾಟಿದ ಹಾಲು ತೆಳುವಾಗಿ ವಿಗ್ರಹದ ಮೈಮೇಲೆ ಹರಿದು ಕೆಳಗಿಳಿಯುತ್ತಿತ್ತು, ಅಷ್ಟೆ. ಆದರೆ ಬಣ್ಣದ ಹಾಲಿನ ಸುದ್ದಿಗೆ ಯಾರೂ ಟ್ರಂಕ್ ಕಾಲ್ ಮಾಡಲಿಲ್ಲ. ಇದರಿಂದ ಮೊದಲ ಸೂತ್ರ ಸಿದ್ಧವಾಗುತ್ತದೆ: ಸುದ್ದಿ ಬಸ್ಸಿನಲ್ಲಿ ಹೋಗುತ್ತದೆ, ಸ್ಪಷ್ಟೀಕರಣ ನಡೆದುಕೊಂಡು ಬರುತ್ತದೆ.

2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಹಲ್ಲೆಯ ವದಂತಿಗೆ ಹೆದರಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್‌ಗಳನ್ನು ಒಟ್ಟಿಗೆ ಕಳುಹಿಸುವುದನ್ನು 15 ದಿನ ನಿಷೇಧಿಸಿತು. ಆರು ವರ್ಷದ ಬಳಿಕ, 2018ರ ಜುಲೈನಲ್ಲಿ, ವಾಟ್ಸ್ಆ್ಯಪ್ ಕಂಪನಿಯೂ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಕಟ್ಟು ಹಾಕಿತು. ಎರಡು ಕಾಲದ ಇಬ್ಬರು ಪ್ರಭುಗಳಿಗೆ ಒಂದೇ ಸಂಖ್ಯೆ ಹೊಳೆದದ್ದು ಸೋಜಿಗ. ಕಳುಹಿಸುವವರ ಕೈಗೆ ಲೆಕ್ಕ ಹಾಕಬಹುದು, ತಲೆಗೆ ಹಾಕಲಾಗದು ಎಂಬ ನಂಬಿಕೆ ಇಬ್ಬರಿಗೂ ಇದ್ದಂತಿದೆ.

ಅಧ್ಯಾಯ 3: ಪ್ರಮಾಣ ವಿಚಾರ

ಜ್ಞಾನಕ್ಕೆ ದಾರಿಗಳಾವುವು ಎಂದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಜಗಳವಾಡಿದ್ದಾರೆ. ಫಾರ್ವರ್ಡ್ ಶಾಸ್ತ್ರ ಆ ಜಗಳವನ್ನು ಹೀಗೆ ಬಗೆಹರಿಸುತ್ತದೆ.

ಪ್ರತ್ಯಕ್ಷ: ವಿಡಿಯೊ ಇದೆ, ಆದ್ದರಿಂದ ನಡೆದಿದೆ. ಎಲ್ಲಿ, ಯಾವಾಗ ಎಂಬುವು ಅವಾಂತರ ಪ್ರಶ್ನೆಗಳು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಪ್ರಕ್ಷಿಪ್ತವೆಂದೂ ‘ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು’ ಎಂಬುದೇ ಮೂಲಪಾಠವೆಂದೂ ನಮ್ಮ ನಿಲುವು.

ಅನುಮಾನ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಐದಾರು ಕೈ ದಾಟಿ ಬಂದಿದೆ ಎಂದರ್ಥ. ‘ಇದನ್ನು ಬರೆದವರು ನಿಮಗೆ ಕಳಿಸಿದವರಲ್ಲ, ಹುಷಾರು’ ಎಂದು ಎಚ್ಚರಿಸಲು ಕಂಪನಿ ಅದನ್ನು ಇಟ್ಟಿತು. ನಾವು ಅದನ್ನು ಐಎಸ್‌ಐ ಮುದ್ರೆಯಾಗಿ ಸ್ವೀಕರಿಸಿದೆವು.

ಶಬ್ದ: ಆಪ್ತರ ಮಾತು ಪ್ರಮಾಣ. ಕಣ್ಣಾರೆ ಕಂಡು ತಿಳಿದವನು, ತಿಳಿದದ್ದನ್ನು ಇದ್ದಂತೆ ಹೇಳುವವನು ಆಪ್ತ ಎಂದು ನೈಯಾಯಿಕರು ಸುಮ್ಮನೆ ಗಂಟಲು ಒಣಗಿಸಿಕೊಂಡರು. ನಂಬರ್ ಸೇವ್ ಆಗಿದ್ದರೆ ಸಾಕು, ಆಪ್ತ.

ಅನುಪಲಬ್ಧಿ: ಇದೇ ಶಾಸ್ತ್ರದ ಶಿಖರ. ಹುಡುಕಿದರೂ ಸಿಗದಿದ್ದರೆ ಆ ವಸ್ತು ಅಲ್ಲಿಲ್ಲ ಎಂದು ಭಾಟ್ಟ ಮೀಮಾಂಸಕರ ಮತ. ನಮ್ಮಲ್ಲಿ ಇದು ತಿರುಗುಮುರುಗು. ಪತ್ರಿಕೆಯಲ್ಲಿ ಬಂದಿಲ್ಲವೆ? ಟಿವಿಯಲ್ಲಿ ತೋರಿಸಿಲ್ಲವೆ? ಹಾಗಾದರೆ ಮುಚ್ಚಿಟ್ಟಿದ್ದಾರೆ, ಮುಚ್ಚಿಟ್ಟಿದ್ದಾರೆಂದ ಮೇಲೆ ನಿಜವೇ ಇರಬೇಕು.

ಅಧ್ಯಾಯ 4: ಎರಡು ಮೂಲಪಾಠಗಳು

“ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ, ಮೊಬೈಲ್ ಆಫ್ ಮಾಡಿ, ದೂರ ಇಡಿ, ನಂಬಿಕೆ ಇಲ್ಲದಿದ್ದರೆ ಗೂಗಲ್‌ನಲ್ಲಿ ನಾಸಾ, ಬಿಬಿಸಿ ನೋಡಿ” ಎಂಬ ಅರ್ಥದ ಸಂದೇಶ ಹತ್ತು ವರ್ಷಕ್ಕೂ ಮಿಕ್ಕಿ ಚಲಾವಣೆಯಲ್ಲಿದೆ. ಇದರ ರಚನಾಕೌಶಲವನ್ನು ಎಷ್ಟು ಕೊಂಡಾಡಿದರೂ ಸಾಲದು. ತಾರೀಕೇ ಇಲ್ಲದ್ದರಿಂದ ಇದು ಎಂದೂ ಹಳತಾಗುವುದಿಲ್ಲ. ಯಾವ ದಿನ ಓದಿದರೂ ರಾತ್ರಿ ಇಂದೇ. ವೇದಾಂತಿಗಳು ಹುಡುಕಿ ಸೋತ ತ್ರಿಕಾಲಾಬಾಧಿತ ಸತ್ಯ ಇದೇ ಇರಬೇಕು. ಅದಕ್ಕೂ ಮಿಗಿಲಾಗಿ, ‘ಪರೀಕ್ಷಿಸಿ ನೋಡಿ’ ಎಂದು ಸಂದೇಶವೇ ಅಂಗಲಾಚುತ್ತದೆ. ಪರೀಕ್ಷಿಸಿದರೆ ತಾನು ಅಲ್ಲೇ ಸಾಯುತ್ತೇನೆಂದು ಅದಕ್ಕೆ ಗೊತ್ತು, ಯಾರೂ ಪರೀಕ್ಷಿಸುವುದಿಲ್ಲವೆಂದೂ ಗೊತ್ತು. ಓದುಗರ ಸೋಮಾರಿತನದ ಮೇಲೆ ಇಂಥ ಅಚಲ ವಿಶ್ವಾಸವಿಟ್ಟ ಕೃತಿ ಬೇರೊಂದಿಲ್ಲ.

ಎರಡನೆಯದು 2016ರದ್ದು. ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಬೆನ್ನಿಗೇ 2000 ರೂಪಾಯಿಯ ಹೊಸ ನೋಟಿನೊಳಗೆ ನ್ಯಾನೊ ಜಿಪಿಎಸ್ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆಹಚ್ಚುತ್ತದೆ ಎಂಬ ಸುದ್ದಿ ಬಂತು. ಟಿವಿ ವಾಹಿನಿಗಳು ಗ್ರಾಫಿಕ್ಸ್ ಸಮೇತ ವಿವರಿಸಿದವು. ಕಾಗದದ ನಡುವಿನ ಆ ಚಿಪ್ಪಿಗೆ ಕರೆಂಟು ಎಲ್ಲಿಂದ ಎಂದು ಕೇಳುವಷ್ಟು ವಿಜ್ಞಾನ ಹತ್ತನೇ ತರಗತಿಯವರಿಗೂ ಇತ್ತು, ಆದರೆ ಅದು ಪರೀಕ್ಷೆಗೆ ಇರಲಿಲ್ಲ. ರಿಸರ್ವ್ ಬ್ಯಾಂಕ್ ಅಲ್ಲಗಳೆಯಿತು. 2023ರ ಮೇ ತಿಂಗಳಲ್ಲಿ ಅದೇ ಬ್ಯಾಂಕು ಆ ನೋಟನ್ನು ಹಿಂತೆಗೆಯುವುದಾಗಿ ಹೇಳಿ, ಬಂದು ಕೊಟ್ಟುಹೋಗಿರೆಂದು ಜನರನ್ನೇ ಕೇಳಿಕೊಂಡಿತು. ಉಪಗ್ರಹ ಅಷ್ಟರಲ್ಲಿ ನಿವೃತ್ತವಾಗಿರಬೇಕು.

ಅಧ್ಯಾಯ 5: ಪೂರ್ವಪಕ್ಷ ಖಂಡನೆ

ಎದುರಾಳಿಗಳ ವಾದವನ್ನು ಮುಚ್ಚಿಡುವುದು ವಿದ್ವಾಂಸರಿಗೆ ಶೋಭಿಸದು.

ನಮ್ಮಲ್ಲಿ ಪ್ರಶ್ನೆ ಕೇಳುವ ಈ ಕಾಟವನ್ನು ಮೊದಲು ಸಾಂಸ್ಥಿಕಗೊಳಿಸಿದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ನೇಮಿಸಿದರು. ಪ್ರಶ್ನೆ ಕೇಳುವುದು ಪಠ್ಯಕ್ರಮದ ಹೊರಗಿನ ಚಟುವಟಿಕೆಯೆಂಬ ಮೂಲಭೂತ ತತ್ತ್ವವನ್ನು ಕುಲಪತಿಯೇ ಮುರಿದರೆ ವಿದ್ಯಾರ್ಥಿಗಳ ಗತಿಯೇನು?

ನೆರೆಯ ಕೇರಳದ ಕಣ್ಣೂರಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ವಿರುದ್ಧ ವದಂತಿ ಹಬ್ಬಿ ಪೋಷಕರು ಹಿಂಜರಿದಾಗ, ಅಲ್ಲಿನ ಜಿಲ್ಲಾಧಿಕಾರಿ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಹೆಸರಿನ ಪಾಠ ಶುರುಮಾಡಿಸಿದರು. ಸುಳ್ಳು ಸುದ್ದಿ ಗುರುತಿಸಲು ಕಲಿತ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಲಿ ಎಂಬುದು ಲೆಕ್ಕಾಚಾರ. ಆಮೇಲೆ ರಾಜ್ಯದ ಇತರ ಶಾಲೆಗಳಿಗೂ ಅದು ಹಬ್ಬಿತು. ಫಿನ್ಲೆಂಡಿನಲ್ಲಂತೂ ಇದು ಒಂದು ಪಿರಿಯಡ್ಡಿನ ಪಾಠವಲ್ಲ. ಗಣಿತದ ಮೇಷ್ಟ್ರು ಅಂಕಿಅಂಶ ಹೇಗೆ ಸುಳ್ಳು ಹೇಳುತ್ತದೆಂದೂ, ಚಿತ್ರಕಲೆಯ ಮೇಷ್ಟ್ರು ಚಿತ್ರ ಹೇಗೆ ಸುಳ್ಳು ಹೇಳುತ್ತದೆಂದೂ ಕಲಿಸುತ್ತಾರೆ. ಇಷ್ಟು ಜನ ಮೇಷ್ಟ್ರುಗಳು ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬಂದ ಶಾಲೆಯನ್ನು ನಾವು ನಂಬುವುದಾದರೂ ಹೇಗೆ?

ನಮಗೆ ಸಮಾಧಾನ ತಂದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅದರಲ್ಲಿ 10 ಇತಿಹಾಸಜ್ಞರು, 10 ವೃತ್ತಿಪರ ಸತ್ಯಶೋಧಕರು, 25 ವಿದ್ಯಾರ್ಥಿಗಳ ಮುಂದೆ ಜಾಲತಾಣಗಳನ್ನು ಇಟ್ಟರು. ವಿದ್ಯಾರ್ಥಿಗಳ ಜೊತೆಗೆ ಪಿಎಚ್‌ಡಿ ಪಡೆದ ಆ ಇತಿಹಾಸಜ್ಞರಲ್ಲೂ ಹಲವರು ಅಚ್ಚುಕಟ್ಟಾದ ಲೋಗೊ, ಗಂಭೀರ ಹೆಸರು ಕಂಡು ಮೋಸಹೋದರು. ಸತ್ಯಶೋಧಕರು ಮಾತ್ರ ಆ ಪುಟವನ್ನು ಓದುತ್ತಾ ಕೂರಲೇ ಇಲ್ಲ. ಬೇಗನೆ ಅಲ್ಲಿಂದ ಎದ್ದು, ಇದರ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ಬೇರೆ ಪುಟಗಳಲ್ಲಿ ಹುಡುಕಿದರು. ಪಾಂಡಿತ್ಯವಿದ್ದರೂ ಮೋಸಹೋಗಲು ಅಡ್ಡಿಯಿಲ್ಲವೆಂದು ಸಿದ್ಧವಾದ್ದರಿಂದ ಈ ಪ್ರಬಂಧಕಾರರಿಗೆ ಬಹಳ ಸಂತೋಷವಾಯಿತು.

ಅಧ್ಯಾಯ 6: ಹೊಂದದ ಪ್ರಕರಣ

ಒಂದು ಪ್ರಕರಣ ಮಾತ್ರ ನಮ್ಮ ಯಾವ ವರ್ಗೀಕರಣಕ್ಕೂ ಸಿಕ್ಕಿಲ್ಲ.

ಮಕ್ಕಳ ಮೇಲೆ ಕಣ್ಣಿಡಿ ಎಂದು ಜನರನ್ನು ಎಚ್ಚರಿಸಲು ಪಾಕಿಸ್ತಾನದ ಕರಾಚಿಯ ಸಂಸ್ಥೆಯೊಂದು ಕಿರುಚಿತ್ರ ಮಾಡಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಗಳಿಗೆಯಲ್ಲಿ ವಾಪಸು ಬಂದು ಮಗುವನ್ನು ಇಳಿಸಿ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದದ್ದು ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಾಲಿನೊಡನೆ ಭಾರತದ ಊರೂರು ತಿರುಗಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದ ಗೆಳೆಯರ ಗುಂಪು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರ ಕಾರಿಗಿಂತ ಮೊದಲೇ ವಾಟ್ಸ್ಆ್ಯಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ದಾರಿಗಡ್ಡ ನಿಂತ ಜನ ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಕೊಂದರು. ಬಿಡಿಸಲು ಬಂದ ಪೊಲೀಸರಿಗೂ ಗಾಯವಾಯಿತು. 5ರ ಮಿತಿ ಬಂದದ್ದು ಅದಾದ ಒಂದು ವಾರಕ್ಕೆ.

ಆ ಸಂದೇಶ ಕಳಿಸಿದವರಲ್ಲಿ ಬಹುಪಾಲು ಜನರಿಗೆ ಯಾರ ಮೇಲೂ ಹಗೆ ಇರಲಿಲ್ಲ. ತಮ್ಮ ಊರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಅವರು ತಿಳಿದಿದ್ದರು. ಮೊದಲ ಅಧ್ಯಾಯದಲ್ಲಿ ಲೋಕಕಲ್ಯಾಣವೇ ಪ್ರಯೋಜನ ಎಂದು ಬರೆದಾಗ ಇದು ಪ್ರಬಂಧಕಾರರ ಗಮನದಲ್ಲಿರಲಿಲ್ಲ. ವಿದ್ವತ್ ಸಂಪ್ರದಾಯದಂತೆ, ಹೊಂದದ ಪ್ರಕರಣವನ್ನು ‘ಹೆಚ್ಚಿನ ಸಂಶೋಧನೆ ಅಗತ್ಯ’ ಎಂದು ಹೇಳಿ ಕೈಬಿಟ್ಟು ಮುಂದೆ ಹೋಗುತ್ತೇವೆ.

ಅಧ್ಯಾಯ 7: ಸಿದ್ಧಾಂತ ಮತ್ತು ಶಿಫಾರಸುಗಳು

ಇಷ್ಟಾದ ಮೇಲೆ ಮಾಧ್ಯಮ ಸಾಕ್ಷರತೆ ಶಾಲೆಗೆ ಬರುವುದನ್ನು ತಡೆಯುವುದು ಕಷ್ಟ. ಆದರೆ ಬಂದದ್ದನ್ನು ನಿರುಪದ್ರವಿಯಾಗಿಸುವ ವಿದ್ಯೆ ನಮ್ಮ ವ್ಯವಸ್ಥೆಗೆ ಕರಗತವಾಗಿದೆ: ಪಠ್ಯಪುಸ್ತಕದ ಕೊನೆಯ ಪಾಠವನ್ನಾಗಿ ಸೇರಿಸಿಬಿಡುವುದು. ಫೆಬ್ರವರಿಯಲ್ಲಿ ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಅದು ತಾನೇ ತೇಲಿಹೋಗುತ್ತದೆ. ‘ಸುಳ್ಳು ಸುದ್ದಿಯ ಐದು ಲಕ್ಷಣಗಳನ್ನು ಪಟ್ಟಿ ಮಾಡಿರಿ’ ಎಂಬ ಎರಡು ಅಂಕದ ಪ್ರಶ್ನೆ ಇಟ್ಟರೆ ಗೈಡುಗಳು ಐದನ್ನೂ ಅಚ್ಚುಹಾಕುತ್ತವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪಟ್ಟಿ ಸರಿಯೇ ಎಂದು ಯಾರೂ ನೋಡುವುದಿಲ್ಲ. ಸಮುದಾಯದ ಪಾಲಿಗೆ ಒಂದು ಜಾಥಾ ಸಾಕು. ‘ವದಂತಿ ನಂಬಬೇಡಿ’ ಎಂಬ ಬ್ಯಾನರ್ ಹಿಡಿಸಿ, ಬಿಸಿಲಿನಲ್ಲಿ ಊರು ಸುತ್ತಿಸಿ, ಫೋಟೊ ತೆಗೆದು ಇಲಾಖೆಯ ಗ್ರೂಪಿಗೆ ಹಾಕಿದರೆ ಮೇಲಿನವರು ನೋಡದೆಯೇ ಅವರ ಮೇಲಿನವರಿಗೆ ಫಾರ್ವರ್ಡ್ ಮಾಡುತ್ತಾರೆ.

ಯಾವ ಕಾರಣಕ್ಕೂ ಮಾಡಕೂಡದ ಕೆಲಸವೊಂದಿದೆ. ಅಂದು ಬೆಳಿಗ್ಗೆ ಮನೆಗೆ ಬಂದ ಸಂದೇಶವನ್ನೇ ತರಗತಿಗೆ ತರಿಸುವುದು. ಮೊದಲು ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು, ಬೇರೆ ಯಾರಾದರೂ ಇದನ್ನೇ ಹೇಳುತ್ತಿದ್ದಾರೆಯೇ ಎಂದು ಮಕ್ಕಳಿಂದಲೇ ಹುಡುಕಿಸುವುದು. ಶಾಲೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ ಆ ಫೋಟೊ ಮೊದಲು ಯಾವ ವರ್ಷ, ಯಾವ ದೇಶದಲ್ಲಿ ಕಾಣಿಸಿಕೊಂಡಿತೆಂದು ಸರದಿಯಲ್ಲಿ ನೋಡಿಸುವುದು. ಸಿಕ್ಕ ಉತ್ತರವನ್ನು ಗ್ರೂಪಿನಲ್ಲಿ ಹಾಕಿ ತಾತನ ಮಾನ ಕಳೆಯದೆ, ಸಂಜೆ ಪಕ್ಕದಲ್ಲಿ ಕುಳಿತು ಅವರ ಮೊಬೈಲಿನಲ್ಲೇ ತೋರಿಸುವಂತೆ ಹೇಳಿಕೊಡುವುದು. ಹೀಗೆ ಮಾಡಿದರೆ ಮೂರೇ ತಿಂಗಳಲ್ಲಿ ತಾತನೂ “ಇದು ಎಲ್ಲಿಂದ ಬಂತಪ್ಪಾ?” ಎಂದು ಕೇಳಲು ಕಲಿಯುವ ಭಯವಿದೆ.

ಪರೀಕ್ಷೆಯ ವಿಷಯದಲ್ಲೂ ಎಚ್ಚರ ಬೇಕು. ಎಸ್ಸೆಸ್ಸೆಲ್ಸಿ ಹಿಂದಿನ ರಾತ್ರಿ ‘ನಾಳಿನ ಪ್ರಶ್ನೆಪತ್ರಿಕೆ ಸೋರಿಕೆ’ ಎಂಬ ಸಂದೇಶ ಗ್ರೂಪುಗಳಲ್ಲಿ ಓಡಾಡುವುದುಂಟು. ಅದು ಅಸಲಿಯೋ ನಕಲಿಯೋ ಎಂದು ಪತ್ತೆಹಚ್ಚಿ, ಪತ್ತೆಹಚ್ಚಿದ್ದು ಹೇಗೆಂದು ಬರೆಯಿರಿ ಎಂಬುದನ್ನೇ ಮರುದಿನದ ಏಕೈಕ ಪ್ರಶ್ನೆಯಾಗಿ ಕೇಳಬೇಕೆಂದು ತಲೆಹರಟೆ ಶಿಕ್ಷಕರು ಯಾರಾದರೂ ಸಲಹೆ ಕೊಟ್ಟರೆ ಇಲಾಖೆ ಅದನ್ನು ಕೂಡಲೇ ತಿರಸ್ಕರಿಸಬೇಕು. ಅಂಥ ಪ್ರಶ್ನೆಗೆ ಗೈಡ್ ಬರೆಯಲು ಸಾಧ್ಯವಿಲ್ಲ.