ಉತ್ತರಕ್ಕೆ ಮುಖ ಮಾಡಿದ ಹಂಡೆ

ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್ ಊರಿನ ಒಂದು ಕನ್ನಡ ಮನೆಯಲ್ಲಿ ನೀರು ಕಾಸುವ ಟ್ಯಾಂಕು ಸೋರತೊಡಗಿದ್ದು ಬಾಗಲಕೋಟೆಯಿಂದ ಅತ್ತೆ-ಮಾವ ಬಂದಿಳಿದ ವಾರದಲ್ಲೇ. ಅವರು ಬರುವ ಮೊದಲೇ ಸೋರಿದ್ದರೆ ಪ್ಲಂಬರನನ್ನು ಕರೆದು ಮುಗಿಸಬಹುದಿತ್ತು. ಅತ್ತೆಯ ಕಣ್ಣೆದುರಿಗೇ ಸೋರಿತು. ಹೀಗಾಗಿ ಅದು ಮನೆತನದ ಪ್ರಶ್ನೆಯಾಯಿತು.

ಹೆಸರು ಬೇಡ. ಈ ಮನೆ ಹೊರನಾಡಿನ ನಾಲ್ಕಾರು ಮನೆಗಳನ್ನು ಕೂಡಿಸಿ ಕಟ್ಟಿದ್ದು. ಓದುವವರಿಗೆ ತಮ್ಮದೇ ಮನೆಯ ಗೋಡೆ ಕಂಡರೆ ಬರೆದವರು ಹೊಣೆಯಲ್ಲ. ಮಾವ ಕೆಇಬಿಯಲ್ಲಿ, ಅಂದರೆ ಹಳೆಯ ವಿದ್ಯುತ್ ಮಂಡಳಿಯಲ್ಲಿ, ದುಡಿದು ರಿಟೈರ್ ಆದವರು. ಅದರ ಜಾಗಕ್ಕೆ ಹೆಸ್ಕಾಂ ಬಂದು ಎರಡು ದಶಕ ದಾಟಿದರೂ ಅವರ ಬಾಯಲ್ಲಿ ಅದಿನ್ನೂ ಕೆಇಬಿಯೇ. ಅತ್ತೆಯ ತವರು ಇಳಕಲ್. ಸೊಸೆ ಬಾದಾಮಿಯವಳು. ಅತ್ತೆಯ ತಮ್ಮ ಹುನಗುಂದದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಜಗತ್ತಿನ ಯಾವ ವಿಷಯಕ್ಕಾದರೂ ವಿಡಿಯೊ ಕಾಲ್‌ನಲ್ಲಿ ಸಲಹೆ ಕೊಡುತ್ತಾನೆ. ಮಗ, ಪಾಪ, ಬಿಲ್ಲು ಕಟ್ಟುವವನು.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಆಲಿಸ್ ಸ್ಪ್ರಿಂಗ್ಸ್‌ನಿಂದ ದಕ್ಷಿಣದ ಅಡಿಲೇಡ್‌ಗೂ ಉತ್ತರದ ಡಾರ್ವಿನ್‌ಗೂ ಹೆಚ್ಚುಕಡಿಮೆ ಒಂದೂವರೆ ಸಾವಿರ ಕಿಲೋಮೀಟರ್. ದಿನಕ್ಕೆ ಸರಾಸರಿ ಒಂಬತ್ತು ತಾಸಿಗೂ ಮಿಕ್ಕಿ ಬಿಸಿಲು. ಊರ ಪಕ್ಕದಲ್ಲೇ ಮ್ಯಾಕ್‌ಡೊನಲ್ ಬೆಟ್ಟಗಳ ಕೆಂಪು ಬಂಡೆಸಾಲು. ಮೊದಲ ದಿನ ಕಾರಿನಲ್ಲಿ ಕೂತು ಅದನ್ನು ನೋಡಿದ ಅತ್ತೆ, “ಇದನ್ನ ನೋಡಾಕ ಇಷ್ಟು ರೊಕ್ಕಾ ಸುರದು ಬರಬೇಕಿತ್ತೇನು? ಬಾದಾಮಿ ಬಸ್ ಹತ್ತಿದ್ರ ಮುಗೀತಿತ್ತು” ಎಂದರು. ಬಾದಾಮಿಯ ಸೊಸೆಗೆ ಇದು ಹೊಗಳಿಕೆಯೋ ಚುಚ್ಚೋ ಇನ್ನೂ ತಿಳಿದಿಲ್ಲ.

ಊರ ನಡುವೆ ಟಾಡ್ ಎಂಬ ನದಿಯೂ ಇದೆ. ನದಿ ಅಂದರೆ ಮರಳು. ಅಲ್ಲಿ 1962ರಿಂದ ದೋಣಿ ಸ್ಪರ್ಧೆ ನಡೆಯುತ್ತದೆ; ದೋಣಿಗೆ ತಳವೇ ಇರುವುದಿಲ್ಲ, ಒಳಗೆ ನಿಂತವರು ಅದನ್ನು ಎತ್ತಿ ಹಿಡಿದು ಮರಳಿನಲ್ಲಿ ಓಡುತ್ತಾರೆ. 1993ರಲ್ಲಿ ನದಿಗೆ ನಿಜವಾಗಿ ನೀರು ಬಂದು ಸ್ಪರ್ಧೆಯನ್ನೇ ರದ್ದು ಮಾಡಬೇಕಾಯಿತು. ಬೇಸಿಗೆಯ ಮಲಪ್ರಭೆಯನ್ನು ಕಂಡ ಮಾವನಿಗೆ ಆಸ್ಟ್ರೇಲಿಯಾದ ಮೇಲೆ ನಂಬಿಕೆ ಹುಟ್ಟಿದ್ದು ಇದನ್ನು ಕೇಳಿದ ಮೇಲೆಯೇ.

ಇಂಥ ಬಿಸಿಲೂರಿನಲ್ಲಿ ಬಿಸಿನೀರು ಯಾಕೆ ಎನ್ನುವವರು ಜುಲೈಯಲ್ಲಿ ಹೋಗಿ ನೋಡಬೇಕು. ಅಲ್ಲಿಗೆ ಅದು ಚಳಿಗಾಲ. ಹಗಲು ಹಿತವಾದ ಬಿಸಿಲು, ರಾತ್ರಿ ಸೊನ್ನೆಯ ಕೆಳಗೂ ಇಳಿಯುವ ಥಂಡಿ, ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ. ಸೋರಿದ ಟ್ಯಾಂಕು ಹಳೆಯ ಕರೆಂಟಿನದು, 300 ಲೀಟರಿನದು, ವರ್ಷದುದ್ದಕ್ಕೂ ಹಗಲು ರಾತ್ರಿ ನೀರನ್ನು ಬಿಸಿಯಾಗಿಯೇ ಇಟ್ಟುಕೊಂಡು ಕೂಡುವಂಥದು. ಇದು ಅತ್ತೆಯ ತಲೆಗೆ ಹೋಗಲೇ ಇಲ್ಲ. ಬಾಗಲಕೋಟೆಯ ನವನಗರದ ಮನೆಯಲ್ಲಿ ಗೀಸರಿನ ಗುಂಡಿ ಒತ್ತುವುದು ಜಳಕಕ್ಕೆ ಹತ್ತು ನಿಮಿಷ ಮೊದಲು, ಆರಿಸುವುದು ಜಳಕಕ್ಕೂ ಮೊದಲು. ಬಂದ ರಾತ್ರಿಯೇ ಅವರು ಮನೆಯೆಲ್ಲ ಹುಡುಕಿ, ಹೊರಗಿನ ಮೀಟರ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಸ್ವಿಚ್ಚು ಪತ್ತೆ ಹಚ್ಚಿ, ಆರಿಸಿ, ನೆಮ್ಮದಿಯಿಂದ ಮಲಗಿದರು. ಟ್ಯಾಂಕು ಸೋರಿದಾಗ ಮನೆಯ ಗುಮಾನಿ ಅವರ ಮೇಲೆಯೇ ಬಿತ್ತು. ಅದು ಅನ್ಯಾಯ. ಹತ್ತಾರು ವರ್ಷ ಗಡಸು ನೀರು ಕುಡಿದ ಟ್ಯಾಂಕು ಸೋರಲು ಯಾರ ಕೈಗುಣವೂ ಬೇಕಿಲ್ಲ.

ಮಾವ ಹಳೆಯ ಟ್ಯಾಂಕಿನ ಲೆಕ್ಕ ಹಾಕಿದರು. 20 ಡಿಗ್ರಿಯ 300 ಲೀಟರ್ ನೀರು 60 ಡಿಗ್ರಿಗೆ ಏರಬೇಕೆಂದರೆ 12,000 ಕಿಲೋಕ್ಯಾಲರಿ. ಒಂದು ಯುನಿಟ್ ಕರೆಂಟಿಗೆ 860. ಭಾಗಿಸಿದರೆ ಸುಮಾರು ಹದಿನಾಲ್ಕು ಯುನಿಟ್. “ಟಾಕಿ ಒಮ್ಮೆ ಕಾದ್ರ ಹದಿನಾಕು ಯುನಿಟ್! ನೀವು ಜಳಕಾ ಮಾಡ್ತೀರೋ, ಗಿರಣಿ ನಡಸ್ತೀರೋ?”

ಅಂದೇ ಸಂಜೆ ಸಭೆ. ಮೆಲ್ಬರ್ನ್‌ನಲ್ಲಿರುವ ನಾದಿನಿ ಫೋನಿನಲ್ಲಿ ಹೀಟ್ ಪಂಪ್ ಹಾಕಿಸಿ ಎಂದಳು. ಫ್ರಿಜ್ಜು ಒಳಗಿನ ಶಾಖ ಎಳೆದು ಹೊರಗೆ ಚೆಲ್ಲುತ್ತದೆ. ಇದು ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ. ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ಟಿನಷ್ಟು ಶಾಖ ಸಿಗುತ್ತದೆ, ಮಾವನ ಹದಿನಾಲ್ಕು ನಾಲ್ಕೈದಕ್ಕೆ ಇಳಿಯುತ್ತದೆ. ಮೋಡದ ಮೆಲ್ಬರ್ನ್‌ಗೆ ಅದು ಹೇಳಿ ಮಾಡಿಸಿದ್ದು. ಸೂರಿನ ಮೇಲೆ ಕರೆಂಟು ಮಾಡುವ ಸೋಲಾರ್ ಫಲಕ ಇದ್ದವರು ಹಗಲೇ ಟೈಮರ್ ಇಟ್ಟು ಓಡಿಸಿದರೆ ಇನ್ನೂ ಅಗ್ಗ. ಆದರೆ ಈ ಮನೆಯ ಮೇಲೆ ಫಲಕ ಇರಲಿಲ್ಲ, ಮಲಗುವ ಕೋಣೆಯ ಕಿಟಕಿಗೆ ಹತ್ತಿ ಹೀಟ್ ಪಂಪಿನ ಫ್ಯಾನು ಗುಂಯ್‌ಗುಡುವುದು ಸೊಸೆಗೆ ಬೇಡವಾಗಿತ್ತು. ಮೇಲಾಗಿ ಹುನಗುಂದದ ಮಾಮಾ ಪರದೆಯ ತುಂಬ ಮುಖ ತಂದು ಹೇಳಿದ: “ತಲಿ ಮ್ಯಾಲೆ ಬಿಸಲು ಸುರೀತಿರುವಾಗ ಗಾಳ್ಯಾಗಿಂದ ಬಿಸಿ ಹಿಂಡೂದು ಯಾಕೋ ತಮ್ಮಾ?”

ಈ ಮಾತಿಗೆ ಉತ್ತರ ಇರಲಿಲ್ಲ.

ಬಿಸಿಲಿಗೆ ನೀರು ಕಾಸುವ ವ್ಯಾಪಾರ ಹಳೆಯದು. ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಎಂಬಾತ 1891ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಅವನ ಮೊದಲ ಗಿರಾಕಿಗಳು ಯಾರೆಂದರೆ, ಬೇಸಿಗೆಯಲ್ಲಿ ಹೆಂಡತಿಯರು ಕೆಲಸದವರನ್ನೂ ಕರೆದುಕೊಂಡು ತಂಪು ಊರಿಗೆ ಹೋದ ಮೇಲೆ ಒಲೆ ಹೊತ್ತಿಸಲು ಬಾರದೆ ಕುಳಿತ ಗಂಡಂದಿರು! ಆಸ್ಟ್ರೇಲಿಯಾದಲ್ಲಿ ಪರ್ತ್‌ನ ಸೋಲಾಹಾರ್ಟ್ ಕಂಪನಿ 1953ರಿಂದ ಇದನ್ನು ಮಾಡುತ್ತ ಬಂದಿದೆ. ಕರ್ನಾಟಕ ಸರ್ಕಾರ 2007ರಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ಯುನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಲ್ಲಿನಲ್ಲಿ ಕಡಿತವಾಗುತ್ತಿದ್ದ ಕಾಲವನ್ನು ಮಾವ ಈಗಲೂ ಅಭಿಮಾನದಿಂದ ನೆನೆಯುತ್ತಾರೆ. ಅದಕ್ಕೂ ಎಷ್ಟೋ ಮೊದಲು ಇಳಕಲ್ಲಿನ ಓಣಿಗಳಲ್ಲಿ ಕೂಸಿಗೆ ಎರೆಯುವ ನೀರನ್ನು ಹಿತ್ತಾಳೆ ಕೊಡದಲ್ಲಿ ಬಿಸಿಲಿಗೆ ಇಡುತ್ತಿದ್ದರು. ಅದಕ್ಕೆ ಯಾರೂ ಪೇಟೆಂಟ್ ಕೇಳಲಿಲ್ಲ.

ಸೂರಿನ ಮೇಲಿನ ಸೋಲಾರ್ ಎಂದು ತೀರ್ಮಾನವಾಯಿತು. ಆಗ ಸಬ್ಸಿಡಿಯ ಮಾತು ಬಂತು. ಆಸ್ಟ್ರೇಲಿಯಾದಲ್ಲಿ 2011ರಿಂದ ಒಂದು ಯೋಜನೆ ಇದೆ: ಸೋಲಾರ್ ಅಥವಾ ಹೀಟ್ ಪಂಪ್ ಹಾಕಿಸಿದರೆ ಉಳಿಯುವ ಕರೆಂಟಿಗೆ ತಕ್ಕಷ್ಟು ಸರ್ಟಿಫಿಕೇಟುಗಳು ಸಿಗುತ್ತವೆ. ಬಹಳ ಜನ ಅವನ್ನು ಅಂಗಡಿಯವನಿಗೇ ಬರೆದುಕೊಟ್ಟು ಬೆಲೆಯಲ್ಲಿ ಕಡಿತ ಪಡೆಯುತ್ತಾರೆ. ಮಾವ ನಂಬಲಿಲ್ಲ. “ಅರ್ಜಿ ಎಲ್ಲಿ ಕೊಟ್ಟಿ? ಉತಾರ ಹಚ್ಚಿದೇನು? ಆದಾಯ ಪ್ರಮಾಣಪತ್ರ?” ಮಗ ಒಂದು ಸಹಿ ಅಷ್ಟೇ ಅಂದ. ತಹಶೀಲ್ದಾರ ಕಚೇರಿಗೆ ನಾಲ್ಕು ಸಲ ಅಲೆಯದೆ ಬಂದ ಸಬ್ಸಿಡಿ ಅವರಿಗೆ ಕೊನೆಯವರೆಗೂ ಅನುಮಾನದ್ದೇ.

ನಿಜವಾದ ಜಗಳ ದಿಕ್ಕಿನದು. ಪ್ಲಂಬರ್ ಬಂದು ಫಲಕದ ಮುಖ ಉತ್ತರಕ್ಕೆ ಎಂದು ಗುರುತು ಮಾಡಿದ. ಮಾವ ಅಡ್ಡ ನಿಂತರು. ನವನಗರದಲ್ಲಿ ಯಾವ ಮಾಳಿಗೆ ಹತ್ತಿ ನೋಡಿದರೂ ಸೋಲಾರ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಈ ಹುಡುಗನಿಗೆ ಕೆಲಸ ಗೊತ್ತಿಲ್ಲ. ಅತ್ತೆ ದನಿಗೂಡಿಸಿ, ಉತ್ತರಕ್ಕೆ ತಲೆ ಹಾಕಿದರೆ ಕೆಡುಕಾಗುತ್ತದೆ ಎಂದರು. “ಯವ್ವಾ, ಅದು ಮಲಗೂದಲ್ಲ, ಕಾಯೂದು” ಎಂದು ಮಗ ಹೇಳಿದರೂ ಕೇಳುವವರಿಲ್ಲ. ಪ್ಲಂಬರನಿಗೆ ಗಂಟೆಗಿಷ್ಟು ಎಂಬ ಲೆಕ್ಕ, ಅವನು ಚಹಾ ಕುಡಿಯುತ್ತ ಆರಾಮ ನಿಂತಿದ್ದ.

ಸೊಸೆ ಒಳಗಿಂದ ಕಸಬರಿಗೆಯ ಉದ್ದನೆ ಕೋಲು ತಂದು ಅಂಗಳದಲ್ಲಿ ನೆಟ್ಟಳು. ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು. ಕೋಲಿನ ನೆರಳು ನೇರ ದಕ್ಷಿಣಕ್ಕೆ ಬಿತ್ತು, ಅಂದರೆ ಸೂರ್ಯ ಉತ್ತರಕ್ಕೆ. ಬಾಗಲಕೋಟೆ ಭೂಮಧ್ಯರೇಖೆಯ ಆಚೆ 16 ಡಿಗ್ರಿ ಉತ್ತರದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಈಚೆ 23 ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿ. ಮಾವ ಕೋಲನ್ನು ಕಿತ್ತು ಎರಡು ಮಾರು ಆಚೆ ನೆಟ್ಟು ನೋಡಿದರು. ಅಲ್ಲೂ ಹಾಗೆಯೇ. “ಹಂಗಾರ ಹಾಕ್ರಿ” ಎಂದು ಒಳಗೆ ಹೋದವರು ಊಟದವರೆಗೆ ಮಾತಾಡಲಿಲ್ಲ. ಸಂಜೆ ಹುನಗುಂದದ ಮಾಮಾನಿಗೆ ಮಾತ್ರ ಇಡೀ ಖಗೋಳವನ್ನು ತಾವೇ ಕಂಡುಹಿಡಿದವರಂತೆ ವಿವರಿಸಿದರು.

ಫಲಕದ ಮೇಲ್ತುದಿಗೆ ಟ್ಯಾಂಕು ಕೂತಿತು. ಕಾದ ದ್ರವ ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ, ಪಂಪು ಬೇಡ. ಆಲಿಸ್ ಸ್ಪ್ರಿಂಗ್ಸ್‌ನ ನೀರು ರೋ ಕ್ರೀಕ್ ಬಳಿಯ ಆಳದ ಬೋರುಗಳಿಂದ ಬರುವ ಸಾವಿರಾರು ವರ್ಷ ಹಳೆಯ ಅಂತರ್ಜಲ, ಗಡಸು. ಆ ನೀರನ್ನೇ ಫಲಕದೊಳಗೆ ಹರಿಸಿದರೆ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ, ಚಳಿಗೆ ಹೆಪ್ಪುಗಟ್ಟಿ ಒಡೆಯಲೂಬಹುದು. ಅದಕ್ಕೇ ಫಲಕದೊಳಗೆ ಹೆಪ್ಪುಗಟ್ಟದ ಬೇರೆ ದ್ರವ ಸುತ್ತುತ್ತಿರುತ್ತದೆ, ಅದು ಟ್ಯಾಂಕಿನ ನೀರಿಗೆ ಹೊರಗಿನಿಂದಲೇ ಶಾಖ ಕೊಡುತ್ತದೆ. ಬೋರಿನ ಸವಳು ನೀರು ಹಾಕಿ ಎರಡೇ ವರ್ಷಕ್ಕೆ ಕೊಳವೆ ಕಟ್ಟಿಸಿಕೊಂಡ ಊರ ಕಡೆಯವರು ಇದನ್ನು ಕೇಳಿಸಿಕೊಳ್ಳಬೇಕು. ಇನ್ನು ಸೂರಿನ ಮೇಲಿನ ಶತ್ರುಗಳು: ಬಾದಾಮಿಯಲ್ಲಿ ಮಾಳಿಗೆಯ ಮೇಲೆ ಏನಿಟ್ಟರೂ ಮಂಗಗಳ ಭಯ, ಇಲ್ಲಿ ಕಾಕಟೂ ಗಿಳಿಗಳದು. ಅವು ಕೊಕ್ಕಿಗೆ ಸಿಕ್ಕ ವೈರು, ಕೊಳವೆಯ ಹೊದಿಕೆ ಎಲ್ಲವನ್ನೂ ಕಡಿಯುತ್ತವೆ. ಸೊಸೆಗೆ ತವರಿಗೆ ಬಂದಂತಾಯಿತು.

ಬಚ್ಚಲಿನ ಹೊರಗೋಡೆಗೆ ಒಂದು ಹಿತ್ತಾಳೆ ವಾಲ್ವು ಬಂತು. ಟ್ಯಾಂಕಿನ ನೀರು 60 ಡಿಗ್ರಿ ಇರಬೇಕು, ಇಲ್ಲವಾದರೆ ಲೀಜನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ; ಬಚ್ಚಲ ನಳದಲ್ಲಿ 50 ಡಿಗ್ರಿ ದಾಟಕೂಡದು, ಇಲ್ಲವಾದರೆ ಮೈ ಸುಡುತ್ತದೆ. ಕಾದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡುವುದೇ ವಾಲ್ವಿನ ಕೆಲಸ. “ಬೆರಕಿ ಮಾಡಾಕ ಇಷ್ಟು ರೊಕ್ಕದ ಮಶೀನ? ನಾ ಇದ್ನೆಲ್ಲ, ಕೈ ಅದ್ದಿ ಹೇಳತಿದ್ದೆ” ಎಂದು ಅತ್ತೆ ನೊಂದುಕೊಂಡರು.

ಇಷ್ಟೆಲ್ಲ ಆದ ಮೇಲೂ ಬೆಳಿಗ್ಗೆ ಎಂಟಕ್ಕೆ ಬಿಸಿನೀರು ಖಾಲಿ! ಕಾರಣ ಹದಿನೈದರ ಮೊಮ್ಮಗ. ನೀರುಳಿಸುವ ಶವರ್ ತಲೆಯಲ್ಲೂ ನಿಮಿಷಕ್ಕೆ ಒಂಬತ್ತು ಲೀಟರ್ ಬೀಳುತ್ತದೆ. ಅವನು ಇಪ್ಪತ್ತು ನಿಮಿಷ ನಿಂತರೆ ನೂರೆಂಬತ್ತು. ಅತ್ತೆ ಒಂದು ಬಕೆಟ್, ಒಂದು ಚರಗಿಯಲ್ಲಿ ತಲೆಸ್ನಾನವನ್ನೂ ಮುಗಿಸಿ ಸೀರೆ ಹಿಂಡಿ ಬರುತ್ತಿದ್ದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಣಿಕೆ ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಬೇಡಲು ಆರಂಭಿಸಿದವರು. ಅತ್ತೆ ಮೊಮ್ಮಗನನ್ನು ಕೂರಿಸಿ ಆ ಕಥೆ ಹೇಳಿ ಕೊನೆಗೆ ಸೆರಗು ಒಡ್ಡಿದರು: “ಹಾಕಪಾ ನನ್ನ ಬಂಗಾರ, ನಿಂದೂ ಒಂದು ಚಟಾ ಐತಿ.” ಹುಡುಗ ನಕ್ಕ. ಆದರೂ ಮರುದಿನದಿಂದ ಬಾಗಿಲಾಚೆ ಅಜ್ಜಿ ಗಟ್ಟಿಯಾಗಿ ಎಣಿಸುವುದನ್ನು ತಾಳಲಾರದೆ ಬೇಗ ಹೊರಬರತೊಡಗಿದ.

ದೀಪಾವಳಿಗೆ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಬೆವರು ಸುರಿಯುವ ಬಿಸಿಲು. ಆದರೂ ನೀರು ತುಂಬುವ ಹಬ್ಬ ಬಿಡಲಾದೀತೆ? ಊರಲ್ಲಾದರೆ ತಾಮ್ರದ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟಿ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜೆ. ಆ ಹಂಡೆ ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟಾಗಲೂ ನವನಗರಕ್ಕೆ ಜೊತೆಗೆ ಬಂದದ್ದು. ಈಗ ಅದರಲ್ಲಿ ಜೋಳ ತುಂಬಿದೆ. ಇಲ್ಲಿಯ ಹಂಡೆ ಸೂರಿನ ಮೇಲೆ. ಅತ್ತೆ ನಿಚ್ಚಣಿಕೆ ಕೇಳಿದರು, ಮಗ ಬೆವರಿದ. ಕೊನೆಗೆ ಗೋಡೆಯ ವಾಲ್ವಿಗೇ ವಿಭೂತಿ, ಕುಂಕುಮ ಹಚ್ಚಿ ಆರತಿಯಾಯಿತು. ರಸ್ತೆ ಬದಿಯಲ್ಲಿ ಬೆಳೆಯುವ ಪ್ಯಾಡಿ ಮೆಲನ್ ಎಂಬ ಕಹಿಕಾಯಿ ಬಳ್ಳಿಯನ್ನು ಸೊಸೆ ಕಿತ್ತು ತಂದಿದ್ದಳು. ಹಿಂಡಲಕಾಯಿಯ ದೂರದ ಸಂಬಂಧಿ ಎಂದು ಅದನ್ನು ಒಪ್ಪಿಕೊಳ್ಳಲಾಯಿತು. ಮುಂದೊಂದು ದಿನ ತಪಾಸಣೆಗೆ ಬಂದ ಪ್ಲಂಬರ್ ಆ ಕೆಂಪು ಬೊಟ್ಟನ್ನು ತುಕ್ಕೆಂದು ತಿಳಿದು ಬ್ರಷ್ ತೆಗೆದ. ಅತ್ತೆ ಕೂಗಿದ ಕೂಗಿಗೆ ಕಾಕಟೂಗಳು ಹಾರಿಹೋದವು.

ಆಗಲೇ ಒಂದು ಗುಟ್ಟು ಬಯಲಾಯಿತು. ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ಕರೆಂಟಿನ ಬೂಸ್ಟರ್ ಇರುತ್ತದೆ. ಅದರ ಸ್ವಿಚ್ಚನ್ನು ಅತ್ತೆ ಸೆಪ್ಟೆಂಬರ್‌ನಲ್ಲೇ ಆರಿಸಿದ್ದರು, ಮನೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಪ್ಲಂಬರ್ ಟ್ಯಾಂಕಿನ ಬಿಸಿ ಅಳೆದು, 60ಕ್ಕಿಂತ ಮೇಲೇ ಇದೆ, ಬೇಸಿಗೆ ಮುಗಿಯುವವರೆಗೆ ಹೀಗೇ ಇರಲಿ, ಮೋಡ ಕವಿದಾಗ ಮಾತ್ರ ಹಾಕಿ ಎಂದ. ಕೆಇಬಿಯ ಮಾವ ಅದುವರೆಗಿನ ಬಿಲ್ಲಿನ ಇಳಿಕೆಯನ್ನೆಲ್ಲ ತಮ್ಮ ಲೆಕ್ಕಾಚಾರದ ಖಾತೆಗೆ ಬರೆದುಕೊಂಡಿದ್ದರು.

ಬಿಸಿಲೂರುಗಳ ಹೊರನಾಡ ಕನ್ನಡಿಗರಿಗೆ ಒಂದು ಮಾತು: ಹಳೆಯ ಟ್ಯಾಂಕು ಸೋರುವ ಮೊದಲೇ ಮುಂದಿನದು ಯಾವುದೆಂದು ಗೊತ್ತು ಮಾಡಿಡಿ. ಸೋರಿದ ಮೇಲೆ ತಣ್ಣೀರಿನ ಭಯಕ್ಕೆ ಅಂಗಡಿಯವನು ತೋರಿಸಿದ್ದನ್ನೇ ತರುತ್ತೀರಿ. ಆಸ್ಟ್ರೇಲಿಯಾದ ಆ ಸರ್ಟಿಫಿಕೇಟು ಯೋಜನೆ 2030ಕ್ಕೆ ಮುಗಿಯುತ್ತದೆ, ಅಲ್ಲಿಯವರೆಗೆ ಸಿಗುವ ಕಡಿತವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಊರಿಂದ ಹೊರಟಿರುವ ಅತ್ತೆಯರು ಬ್ಯಾಗಿನಲ್ಲಿ ಒಂದು ಚರಗಿ ಇಟ್ಟುಕೊಂಡು ಹೋಗಿ. ಅಲ್ಲಿಯ ಬಚ್ಚಲಲ್ಲಿ ಅದು ಇರುವುದಿಲ್ಲ.