ಏಳನೇ ಆಜ್ಞೆ ಮತ್ತು ಒಂದು ಸೀರೆ

ನಮ್ಮ ಅಯ್ಯನವರಿಗೆ ಮೂರು ಊರಿನ ಉಸ್ತುವಾರಿ: ರೋಣ, ನರಗುಂದ, ಗಜೇಂದ್ರಗಡ. ಮೂರೂ ಕಡೆ ಕ್ರೈಸ್ತರ ಮನೆಗಳು ಕಡಿಮೆ, ನಡುವೆ ಎರೆ ಹೊಲಗಳು ಜಾಸ್ತಿ. ಹೀಗಾಗಿ ಅವರ ಸೇವೆಯ ಅರ್ಧ ಭಾಗ ಬಸ್ ಸ್ಟ್ಯಾಂಡುಗಳಲ್ಲೇ ಕಳೆಯುತ್ತದೆ. ಈ ಸಲ ದೃಢೀಕರಣಕ್ಕೆ ತಯಾರಾಗಬೇಕಾದ ಮೂವರು ಯೌವನಸ್ಥರನ್ನು ಅವರು ನನ್ನ ಕೊರಳಿಗೆ ಕಟ್ಟಿದರು. “ನೀವು ಸಭೆಯ ಹಿರಿಯರು, ನಿವೃತ್ತ ಮಾಸ್ತರು, ನಿಮ್ಮನ್ನ ಬಿಟ್ರ ಇನ್ಯಾರು?” ಎಂದರು. ನಾನು ಎದೆ ಉಬ್ಬಿಸಿಕೊಂಡು ಒಳಗೆ ಬಂದೆ. “ಬ್ಯಾರೆ ಯಾರಿಗೂ ಟೈಮ್ ಇಲ್ಲ ಅಂದ್ರಂತ?” ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು ನಮ್ಮ ಮನಿಯಾಕಿ.

ಮೂವರೂ ಮೂರು ಊರಿನವರು. ರೋಣದ ಹುಡುಗ ಮೊಬೈಲ್ ಅಂಗಡಿಯಲ್ಲಿ ದುಡಿಯುವವನು. ಪಾಠ ಶುರುವಾದರೆ ಅವನಿಗೆ ನಿದ್ದೆ, ಮುಗಿದರೆ ಹಸಿವು. ನರಗುಂದದ ಹುಡುಗಿಗೆ ಪ್ರತಿ ಮಾತಿಗೂ “ಯಾಕ್ರಿ?” ಬೇಕು. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಬಾಬಾಸಾಹೇಬನ ಊರು, 1980ರಲ್ಲಿ ರೈತರು ಬಂಡೆದ್ದ ಊರು; ಅಲ್ಲಿಂದ ಬಂದವಳು ಒಬ್ಬ ಪಿಂಚಣಿ ಮಾಸ್ತರನ ಮಾತನ್ನು ಸುಮ್ಮನೆ ಒಪ್ಪಲಿ ಎಂದರೆ ಹೇಗೆ? ಮೂರನೆಯವನು ನಮ್ಮೂರಿನವನೇ, ಮಗ್ಗದ ಮನೆಯ ಹುಡುಗ. ಬಾಯಿ ಬಿಡುವುದೇ ಇಲ್ಲ. ಮೂವರಲ್ಲಿ ಅವನೇ ಉತ್ತಮ ಎಂದುಕೊಂಡಿದ್ದೆ.

ಮೊದಲ ವಾರ ಪೌಲ ಮತ್ತು ತಿಮೊಥೆಯ ಕಥೆ ಹೇಳಿದೆ. ಹಿರಿಯ ವಿಶ್ವಾಸಿ ಕಿರಿಯನನ್ನು ಮಗನಂತೆ ಬೆಳೆಸಿದ್ದು, ಸೆರೆಮನೆಯಿಂದಲೂ ಪತ್ರ ಬರೆದು ಸದ್ಬೋಧನೆಯನ್ನು ಕಾಪಾಡಿಕೋ ಎಂದು ಎಚ್ಚರಿಸಿದ್ದು. ಹೇಳುವಾಗ ನನ್ನ ದನಿಯಲ್ಲಿ ಪೌಲನೇ ಇಳಿದುಬಂದಂತೆ ನನಗೆ ಅನ್ನಿಸಿತು. ಅಡುಗೆಮನೆಯಿಂದ ಇನ್ನೊಂದು ದನಿ ಬಂತು: “ಅದ ಪತ್ರದಾಗ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಹೆಸರು ಐತಲ್ರಿ? ನಂಬಿಕಿ ಮೊದಲ ಅವರ ಕಡೆ ಇತ್ತಂತ. ಅಂದ್ರ ಬೆಳಿಸಿದವರು ಅವ್ರು, ಪೌಲ ಪತ್ರ ಬರದ.” ನರಗುಂದದ ಹುಡುಗಿ ಪೆನ್ನು ತೆಗೆದು ಅದನ್ನು ಬರೆದುಕೊಂಡಳು. ನನ್ನ ಮಾತಿಗೆ ಆ ಪೆನ್ನು ಒಮ್ಮೆಯೂ ಹೊರಗೆ ಬಂದಿರಲಿಲ್ಲ.

ಅಷ್ಟು ಹೊತ್ತಿಗೆ ರೋಣದವನು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ನೆನಪಾಗಿ ಸಮಾಧಾನವಾಯಿತು. ತ್ರೋವದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡಿದ್ದಕ್ಕೆ ಕಿಟಕಿಯಲ್ಲಿ ಕೂತಿದ್ದ ಯೂತಿಕ ಎಂಬ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದಿದ್ದ. ಪೌಲನಿಗೇ ಹಾಗಾಗಿರುವಾಗ ನನ್ನದೇನು? ಇದನ್ನು ಮನಿಯಾಕಿಗೆ ಹೇಳಿದೆ. “ಪೌಲ ಕೆಳಗಿಳಿದು ಎಬ್ಬಿಸಿದ್ನಂತಲ್ರಿ. ನಿಮಗ ಮಲಗಿಸಾಕಷ್ಟ ಬರತೈತಿ” ಎಂದಳು.

ಕಥೆ ಸಾಕು, ಇನ್ನು ಬಾಯಿಪಾಠ ಎಂದು ನಿರ್ಧರಿಸಿ ಲೂಥರನ ಚಿಕ್ಕ ಪ್ರಶ್ನೋತ್ತರಿ ಹಿಡಿದೆ. 1529ರ ಪುಸ್ತಕ. ಸಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬಂದ ಲೂಥರನಿಗೆ ತಲೆಕೆಟ್ಟಿತ್ತು. ಜನರಿಗೆ ಹತ್ತು ಆಜ್ಞೆ ಗೊತ್ತಿಲ್ಲ, ಕರ್ತನ ಪ್ರಾರ್ಥನೆ ಗೊತ್ತಿಲ್ಲ. ಕೆಲವು ಕಡೆ ಪಾದ್ರಿಗಳದ್ದೂ ಅದೇ ಪಾಡು. ಆಗ ಮನೆಯ ಯಜಮಾನ ಮನೆಯವರಿಗೆ ಸರಳವಾಗಿ ಕಲಿಸಲಿ ಎಂದು ಬರೆದದ್ದು ಇದು. ಒಂದೊಂದು ಆಜ್ಞೆ, ಅದರ ಬೆನ್ನಿಗೇ ‘ಹೀಗೆಂದರೇನು?’ ಎಂಬ ಪ್ರಶ್ನೆ, ನಾಲ್ಕು ಸಾಲಿನ ಉತ್ತರ. ನಮ್ಮ ಸೀಮೆಗೆ 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಬಂದ ಬಾಸೆಲ್ ಮಿಷನ್ನಿನವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು, ಇಂಥ ಪಾಠದಲ್ಲೇ ಬೆಳೆದವರು.

ಪುಸ್ತಕದ ಮುನ್ನುಡಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಕಟ್ಟಪ್ಪಣೆ ಇದೆ. ಕಲಿಯಲು ಒಪ್ಪದವರಿಗೆ ತಂದೆತಾಯಿ, ಯಜಮಾನರು ಅನ್ನ ನೀರು ಕೊಡಬಾರದು ಎನ್ನುತ್ತಾನೆ ಲೂಥರ್. ಮಾಸ್ತರಿಕೆಯ ವರ್ಷಗಳಲ್ಲಿ ಸರ್ಕಾರ ನನಗೆ ಇಂಥ ಅಧಿಕಾರ ಯಾವತ್ತೂ ಕೊಟ್ಟಿರಲಿಲ್ಲ. ಗಂಟಲು ಸರಿಮಾಡಿಕೊಂಡು ಘೋಷಿಸಿಬಿಟ್ಟೆ: ವಿಶ್ವಾಸ ಪ್ರಮಾಣದ ಮೂರು ಭಾಗವನ್ನೂ ಅರ್ಥಸಹಿತ ಒಪ್ಪಿಸದವರಿಗೆ ಇವತ್ತು ಈ ಮನೆಯಲ್ಲಿ ಊಟವಿಲ್ಲ.

ರೋಣದವನ ನಿದ್ದೆ ಹಾರಿಹೋಯಿತು. “ಕಲಿಸೋರಿಗೂ ಇದ ರೂಲ್ಸ್ ಏನ್ರಿ ಸರ?” ಎಂದ.

“ಯಾಕಾಗಬಾರದು?” ಎಂದು ಬಾಯಿ ತಪ್ಪಿ ಅಂದೆ. ನರಗುಂದದವಳು ಪುಸ್ತಕ ಕಸಿದುಕೊಂಡು ಎದುರಿಗೆ ಕೂತಳು. ಮೊದಲ ಭಾಗ ಸರಾಗ, ಎರಡನೆಯದು ತಡವರಿಕೆ, ಮೂರನೆಯದರಲ್ಲಿ ಪವಿತ್ರಾತ್ಮನ ಹೆಸರು ಹೇಳಿ ಗಾಡಿ ನಿಂತೇಬಿಟ್ಟಿತು. ಅತ್ತ ರೊಟ್ಟಿಬುಟ್ಟಿ ನನ್ನ ಮುಂದಿನಿಂದ ಮೆಲ್ಲಗೆ ಸರಿದು ಹುಡುಗರ ಕಡೆ ಹೋಯಿತು. ಹಿಂದೆಯೇ ಎಣ್ಣೆಗಾಯಿ, ಶೇಂಗಾ ಚಟ್ನಿ. “ನಾ ಏನ್ ಮಾಡ್ಲಿ, ಲೂಥರ್ ಹೇಳ್ಯಾನ” ಎಂದಳು ಮನಿಯಾಕಿ.

ಲೂಥರನ ಮನೆಯ ಕಥೆ ನಾನೇ ಅವಳಿಗೆ ಹೇಳಿದ್ದು, ಈಗ ಅನುಭವಿಸುತ್ತಿದ್ದೇನೆ. ಸನ್ಯಾಸ ಬಿಟ್ಟ ಲೂಥರ್ 1525ರಲ್ಲಿ ಮಠ ಬಿಟ್ಟ ಸನ್ಯಾಸಿನಿ ಕಟರೀನಾಳನ್ನು ಮದುವೆಯಾದ. ವಿಟೆನ್‌ಬರ್ಗ್‌ನ ಹಳೆಯ ಮಠವೇ ಅವರ ಮನೆ. ಅಲ್ಲಿ ಉಂಡು ಮಲಗುವ ವಿದ್ಯಾರ್ಥಿಗಳ ಹಿಂಡು. ಊಟದ ಹೊತ್ತಿಗೆ ಅವನು ಆಡಿದ ಮಾತನ್ನೆಲ್ಲ ಅವರು ಬರೆದಿಟ್ಟರು, ಅವನು ಸತ್ತ 20 ವರ್ಷಕ್ಕೆ, 1566ರಲ್ಲಿ, ಅದು ದೊಡ್ಡ ಗ್ರಂಥವಾಗಿ ಅಚ್ಚಾಯಿತು. ಆ ಹಿಂಡಿಗೆಲ್ಲ ಊಟ ಹಾಕುತ್ತ, ದನ ಸಾಕುತ್ತ, ಹೊಲ ನೋಡುತ್ತ ಖರ್ಚು ತೂಗಿಸಿದವಳು ಕಟರೀನಾ. ಲೂಥರ್ ಅವಳನ್ನು ತಮಾಷೆಗೆ ‘ಯಜಮಾನರೇ’ ಎನ್ನುತ್ತಿದ್ದನಂತೆ. ಮತಸುಧಾರಣೆಯ ಇಡೀ ಚರಿತ್ರೆಯಲ್ಲಿ ನಮ್ಮಾಕಿಗೆ ನೆನಪಿರುವುದು ಇದೊಂದೇ.

ಹಾಗೆ ಉಪವಾಸದ ಅಂಚಿನಲ್ಲಿ ನಡೆದು ಆಜ್ಞೆಗಳಿಗೆ ಬಂದೆವು. ಕದಿಯಬಾರದು ಎಂಬುದು ಲೂಥರನ ಲೆಕ್ಕದಲ್ಲಿ ಏಳನೆಯದು, ನಮ್ಮಲ್ಲಿ ಅನೇಕರು ಕಲಿತ ಲೆಕ್ಕದಲ್ಲಿ ಎಂಟನೆಯದು. ವಿಗ್ರಹದ ಮಾತನ್ನು ಅವನು ಮೊದಲನೆಯದರಲ್ಲೇ ಸೇರಿಸಿ, ಕೊನೆಯ ಆಶೆಪಡಬಾರದೆಂಬುದನ್ನು ಎರಡು ಮಾಡಿದ್ದರಿಂದ ಈ ವ್ಯತ್ಯಾಸ. ಇದನ್ನು ವಿವರಿಸುವುದರಲ್ಲೇ ಪಾಠದ ಹೊತ್ತು ಕಳೆದುಬಿಡಬಹುದೆಂದು ನಾನು ಲೆಕ್ಕ ಹಾಕಿದ್ದೆ. “ಯಾವ ನಂಬರ್ ಆದ್ರೂ ಕದಿಯೋ ಹಂಗಿಲ್ಲಲ್ರಿ, ಮುಂದ ಹೋಗ್ರಿ” ಎಂದಳು ನರಗುಂದದವಳು.

ಮುಂದೆ ಹೋದೆ. ಕೈ ಹಾಕಿ ಕದಿಯುವುದಷ್ಟೇ ಕಳ್ಳತನವಲ್ಲ, ಖೊಟ್ಟಿ ಮಾಲು ಕೊಡುವುದೂ ವ್ಯವಹಾರದಲ್ಲಿ ಮೋಸ ಮಾಡುವುದೂ ಅದೇ. ನೆರೆಯವನ ಆಸ್ತಿ, ದುಡಿಮೆ ಹೆಚ್ಚಾಗುವಂತೆ ನಾವು ನೆರವಾಗಬೇಕು ಎನ್ನುತ್ತದೆ ಲೂಥರನ ವಿವರಣೆ. ನಾನು ಅದನ್ನು ಕೈ ಎತ್ತಿ ಎತ್ತಿ ಹೇಳಿದೆ. ಆಗ ಇಷ್ಟು ವಾರ ತುಟಿ ಬಿಚ್ಚದಿದ್ದ ಮಗ್ಗದ ಹುಡುಗ ಮೆಲ್ಲಗೆ ಕೆಮ್ಮಿದ.

“ಸರ, ಮೊನ್ನೆ ಕಾಕೂಗ ಅಂತ ನಮ್ಮಪ್ಪನ ಕಡೆ ಸೀರಿ ತಗೊಂಡ್ರಲ್ರಿ, ಅದು ಇದರಾಗ ಬರತೈತೇನ್ರಿ?”

ಮನೆಯಲ್ಲಿ ಸದ್ದಡಗಿತು. ಆ ಸೀರೆಯ ಚೌಕಾಶಿಯನ್ನು ನಾನು ಓಣಿಯಲ್ಲೆಲ್ಲ ಸಾರಿದ್ದೆ. ನೇಕಾರನಿಗೆ ಅವತ್ತು ನೂಲು ತರಲು ರೊಕ್ಕದ ಅಡಚಣೆ ಇದೆಯೆಂದು ಗೊತ್ತಾಗಿ, 500 ರೂಪಾಯಿ ಇಳಿಸಿ ತಂದ ಪರಾಕ್ರಮ ಅದು.

“ಅದು ವ್ಯಾಪಾರಪ್ಪಾ” ಎಂದೆ. “ಹೀಗೆಂದರೇನು?” ಎಂದು ಪುಸ್ತಕದ ಪ್ರಶ್ನೆಯನ್ನೇ ಎತ್ತಿ ನನ್ನ ಮೇಲೆ ಎಸೆದಳು ನರಗುಂದದವಳು.

ಮನಿಯಾಕಿ ಬಾಗಿಲಿಗೆ ಬಂದು ನಿಂತಳು. “ಅವರನ್ನ ಅಷ್ಟ ಕಾಡಬ್ಯಾಡ್ರಿ. ಆ 500 ರೂಪಾಯಿ ನಾ ಮರುದಿನಾನ ಮುಟ್ಟಿಸೀನಿ.”

“ಎಲ್ಲಿಂದ ತಂದಿ?”

“ನಿಮ್ಮ ಕಿಸೇದಾಗಿಂದ.”

ಆ 500 ರೂಪಾಯಿ ನೋಟಿಗಾಗಿ ನಾನು ಮನೆಯೆಲ್ಲ ತಡಕಾಡಿ, ಕೊನೆಗೆ ಹಿಟ್ಟಿನ ಗಿರಣಿಯವನೇ ಚಿಲ್ಲರೆ ಕೊಡುವಾಗ ನುಂಗಿದನೆಂದು ತೀರ್ಮಾನಿಸಿ, ಅದನ್ನೂ ಓಣಿಯಲ್ಲಿ ಸಾರಿಯಾಗಿತ್ತು. ರೋಣದವನು ಹೊಸ ಹುರುಪಿನಿಂದ ಕೇಳಿದ: “ಗಂಡನ ಕಿಸೆಯಾಗಿಂದ ತಗದ್ರ ಅದು ಕಳವು ಆಗೂದಿಲ್ಲೇನ್ರಿ?” ನರಗುಂದದವಳು ತೀರ್ಪು ಕೊಟ್ಟಳು: “ಕದ್ದ ರೊಕ್ಕ ಮಾಲಕಗ ಮುಟ್ಟಿಸಿದ್ರ ಅದು ಕಳವಲ್ಲ, ಜಪ್ತಿ. ಖರೇ ತೊಂದರಿ ಮುಂದಿನ ಆಜ್ಞಾದಾಗ ಐತಿ.” ಸುಳ್ಳುಸಾಕ್ಷಿ ಹೇಳಬಾರದು, ನೆರೆಯವನ ಪರವಾಗಿ ಮಾತಾಡಿ, ಎಲ್ಲದಕ್ಕೂ ಒಳ್ಳೆಯ ಅರ್ಥವನ್ನೇ ಕೊಡಬೇಕು ಎಂದು ಲೂಥರ್ ಅಲ್ಲಿ ಬರೆದಿದ್ದಾನೆ. ಗಿರಣಿಯವ ನನ್ನ ನೆರೆಯವನೇ. ನಡುವೆ ಒಂದೇ ಗೋಡೆ.

ದೇವಾಲಯದ ಪೀಠಕ್ಕೆ ಮೆಟ್ಟಿಲುಗಳಿರುತ್ತವೆ. ಅಷ್ಟು ಎತ್ತರದಲ್ಲಿ ನಿಂತವನ ಕಿಸೆ ಕೆಳಗಿನವರಿಗೆ ಕಾಣುವುದಿಲ್ಲ. ಮನೆಯಲ್ಲಿ ಚಾಪೆಯ ಮೇಲೆ ಕೂತು ಕಲಿಸುವವನಿಗೆ ಆ ಅನುಕೂಲವಿಲ್ಲ. ಅವನ ಚೌಕಾಶಿ, ಚಾಡಿ, ಬಾಯಿಪಾಠ ಎಲ್ಲದರ ಲೆಕ್ಕ ಒಳಗಿನವರ ಬಳಿ ಇರುತ್ತದೆ. ಲೂಥರ್ ಈ ಕೆಲಸವನ್ನು ಯಜಮಾನನಿಗೇ ಒಪ್ಪಿಸಿದ್ದು ಈ ಕಾರಣಕ್ಕೇ ಇರಬೇಕೆಂದು ನನಗೀಗ ಗಟ್ಟಿ ಅನುಮಾನ. ಮೂರು ಮಕ್ಕಳು ಉಪದೇಶದಲ್ಲಿ ನೆಲೆಗೊಂಡರೋ ಇಲ್ಲವೋ, ಅವರೆದುರು ಒಬ್ಬ ಹಿರಿಯ ಮಾತ್ರ ಆಚೀಚೆ ಸರಿಯದಂತೆ ಕೂರಲೇಬೇಕಾಗುತ್ತದೆ.

ಕೂರಲೂ ಬಿಡಲಿಲ್ಲ. ಮೂವರೂ ನನ್ನನ್ನು ಎಬ್ಬಿಸಿಕೊಂಡು ಗಿರಣಿಗೆ ನಡೆದರು, ಹಿಂದೆ ಮನಿಯಾಕಿ. ಕಾಳು ಬೀಸಿಸಲು ಬಂದಿದ್ದ ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಗಿರಣಿಯ ಸದ್ದಿಗೂ ಮೀರಿ ಕೂಗಿ ಹೇಳಿದೆ: ಇವನು ಪ್ರಾಮಾಣಿಕ, ನನ್ನ ರೊಕ್ಕ ಮುಟ್ಟಿಲ್ಲ, ಮುಟ್ಟಿದಾನೆಂದು ನಾನು ಹೇಳಿದ್ದು ಸುಳ್ಳು. ಗಿರಣಿಯವ ಮೋಟರು ನಿಲ್ಲಿಸಿ, ಮೀಸೆಯ ಹಿಟ್ಟು ಒರೆಸಿಕೊಂಡು ಸಮಾಧಾನದಿಂದ ಕೇಳಿದ.

“ಅದಿರ್ಲಿ ಬಿಡ್ರಿ ಮಾಸ್ತರ. ಹ್ವಾದ ತಿಂಗಳ ಗೋದಿ ಬೀಸಿದ್ದು ಯಾವಾಗ ಕೊಡ್ತೀರಿ?”

ನರಗುಂದದ ಹುಡುಗಿ ಪುಸ್ತಕ ತೆರೆದು ಒಂದು ಹಾಳೆ ಹಿಂದಕ್ಕೆ ತಿರುವಿದಳು. “ಸರ, ಏಳನೇದು ಇನ್ನೂ ಮುಗದಿಲ್ರಿ.”