ಉಪ್ಸಾರಿನಲ್ಲಿ ಅನುರಾಗ: ಮಂಡ್ಯ ಸೀಮೆಯ ಅಡುಗೆಮನೆ ಪ್ರೇಮದ ಸಂಶೋಧನಾತ್ಮಕ ವಿವೇಚನೆ

ಪ್ರೇಮವು ಕಣ್ಣಿನಲ್ಲಿ ಹುಟ್ಟುತ್ತದೆಂದು ಪೂರ್ವಸೂರಿಗಳು ನಂಬಿದ್ದರು. ಅದು ತಪ್ಪೆಂದು ಪ್ರಸ್ತುತ ಪ್ರಬಂಧ ಸಾಧಿಸಲಿದೆ. ಪ್ರೇಮ ಹುಟ್ಟುವುದು ಒಲೆಯ ಮೇಲೆ. ಸೌದೆ ಹಸಿಯಾಗಿದ್ದರೆ ಅದು ಅಲ್ಲೇ ಅರೆಬೆಂದು ಉಳಿಯುತ್ತದೆ ಎಂಬುದು ನಮ್ಮ ಪ್ರಮೇಯ. ಅಧ್ಯಯನದ ವ್ಯಾಪ್ತಿ ಮಂಡ್ಯ, ಮದ್ದೂರು, ಮಳವಳ್ಳಿ. ಶ್ರೀರಂಗಪಟ್ಟಣವನ್ನು ಕೈಬಿಟ್ಟದ್ದಕ್ಕೆ ಸೈದ್ಧಾಂತಿಕ ಕಾರಣವೇನೂ ಇಲ್ಲ. ಬಸ್ಸು ಊಟದ ಹೊತ್ತಿಗೆ ಅಲ್ಲಿ ನಿಲ್ಲಲಿಲ್ಲ.

ತೌಲನಿಕ ಅಧ್ಯಯನವಿಲ್ಲದೆ ನಮ್ಮಲ್ಲಿ ಪದವಿ ಸಿಗದ ಕಾರಣ ಒಮ್ಮೆ ಜಪಾನಿಗೆ ಹೋಗಿ ಬರಬೇಕಾಗಿದೆ. ಅಲ್ಲಿನ ಮಾಂಗಾ ಚಿತ್ರಕಥೆಗಳಲ್ಲಿ ಬೆಳೆದ ಹೆಂಗಸರಿಗೆಂದೇ ಬರೆಯುವ ಒಂದು ಬಗೆಯುಂಟು, ಜೋಸೇ ಎನ್ನುತ್ತಾರೆ. ಈ ಬಗೆಯ ಕಥೆಯ ನಾಯಕಿಯ ಬಾಗಿಲಿಗೆ ರಾಜಕುಮಾರ ಬರುವುದಿಲ್ಲ, ಬಾಡಿಗೆ ಕೇಳುವವನು ಬರುತ್ತಾನೆ. ಸತೋರು ಮಾಕಿಮುರಾ 1990ರ ದಶಕದಲ್ಲಿ ಬರೆದ ‘ಓಯಿಶೀ ಕಾಂಕೇ’ಯ ಮೊಮೊಎ ಉಳ್ಳವರ ಮನೆಯ ಹುಡುಗಿ. ಮನೆತನ ನೆಲಕಚ್ಚಿದ ಮೇಲೆ ಫ್ರೆಂಚ್ ಅಡುಗೆಯ ಹೋಟೆಲೊಂದರಲ್ಲಿ ಕೆಲಸ ಕಲಿಯಲು ನಿಲ್ಲುತ್ತಾಳೆ. ಅವಳು ಮೊದಲು ಸೋತದ್ದು ಸೂಪಿಗೆ, ಆಮೇಲೆ ಅದನ್ನು ಮಾಡಿದವನಿಗೆ. ಸೆತೋನಾ ಮಿಜುಶಿರೊ 2008ರಲ್ಲಿ ಶುರುಮಾಡಿದ ಕಥೆಯಲ್ಲಿ ಹುಡುಗ ಪ್ಯಾರಿಸ್ಸಿಗೇ ಹೋಗಿ ಚಾಕೊಲೇಟ್ ವಿದ್ಯೆ ಕಲಿತು ಬರುತ್ತಾನೆ. ಹುಡುಗಿ ಬೇರೊಬ್ಬನನ್ನು ಮದುವೆಯಾಗುತ್ತಾಳೆ. ಫುಮಿ ಯೋಶಿನಾಗಾ 2007ರಲ್ಲಿ ಆರಂಭಿಸಿದ ಕೃತಿಯಲ್ಲಿ ವಕೀಲನೊಬ್ಬ ತನ್ನ ಸಂಗಾತಿಗೆ, ಆತನೂ ಗಂಡಸೇ, ದಿನಾ ರಾತ್ರಿ ಅಡುಗೆ ಮಾಡಿ ಬಡಿಸುತ್ತ ತಿಂಗಳ ದಿನಸಿಯ ಲೆಕ್ಕ ಹಾಕುತ್ತಾನೆ. ಈ ಕೊನೆಯದು ಗಂಡಸರ ವಾರಪತ್ರಿಕೆಯಲ್ಲಿ ಬಂದದ್ದು, ನಿಯಮದ ಪ್ರಕಾರ ನಮ್ಮ ವ್ಯಾಪ್ತಿಗೆ ಸೇರದು. ರುಚಿಯಾಗಿದೆ ಎಂಬ ಒಂದೇ ಕಾರಣಕ್ಕೆ ಸೇರಿಸಿಕೊಂಡಿದ್ದೇವೆ.

ಈಗ ಮದ್ದೂರು ಪಂಥ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ಪಕೋಡ ಬೇಯುವಷ್ಟು ಹೊತ್ತು ರೈಲು ಕಾಯದೆಂದು ಹಿಟ್ಟನ್ನು ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರೆಂಬ ಕಥೆ ಊರಿಗೆಲ್ಲ ಗೊತ್ತು. ಇದರ ಪ್ರೇಮಶಾಸ್ತ್ರೀಯ ಮಹತ್ವವನ್ನು ಮಾತ್ರ ಈವರೆಗೆ ಯಾರೂ ಗಮನಿಸಿಲ್ಲ. ವಡೆ ಅವಸರದಲ್ಲಿ ಹುಟ್ಟಿತು, ಬೇಯಿಸಿದವರನ್ನು ಬಿಟ್ಟು ರೈಲು ಹತ್ತಿತು, ಚನ್ನಪಟ್ಟಣ ದಾಟಿದ ಮೇಲೆ ಇನ್ನೊಂದು ಕೊಳ್ಳಬೇಕಿತ್ತೆಂಬ ವಿರಹವನ್ನು ಉಂಟುಮಾಡಿತು. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ ಮೂರೂ ಕೂಡಿದ ತ್ರಿಕೋನವಿದು. ನಡುವೆ ಈರುಳ್ಳಿ ಇರುವುದರಿಂದ ಕಣ್ಣೀರಿಗೂ ಕೊರತೆಯಿಲ್ಲ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರೊಳಗೆ ಬರುವುದನ್ನು ಬಿಟ್ಟು ಹೊರಗಿಂದಲೇ ಹಾದುಹೋದವು. ಮದ್ದೂರು ಪಂಥದ ವಿಪ್ರಲಂಭ ಶೃಂಗಾರ ಅಂದಿನಿಂದ ಪೂರ್ಣಾವಧಿಯದಾಗಿದೆ.

ಮಂಡ್ಯದ ಪಂಥ ಹೆಚ್ಚು ವಾಸ್ತವವಾದಿ. ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ಕಟ್ಟಿಕೊಂಡ ಹೆಂಡತಿಯನ್ನೇ ಪ್ರೀತಿಸಬಹುದೆಂದು ತೋರಿಸಿ ಕನ್ನಡ ಗಂಡಸರನ್ನು ಬೆರಗುಗೊಳಿಸಿದರು. ಆದರೆ ನಮ್ಮ ಮುಖ್ಯ ಆಕರ ಪುಸ್ತಕದ್ದಲ್ಲ, ಹಳ್ಳಿಯ ಮನೆಯದು. ಸಂಜೆ ಜಗಲಿಯ ಮೇಲೆ ಕೂತ ಗಂಡನಿಗೆ ಒಳಗಿನಿಂದ ಬರುವ ಮಾತು: “ಹಿಟ್ಟು ಆರೋಯ್ತದೆ, ಬಿರ್ನೆ ಬನ್ನಿ.” ಮಾಕಿಮುರಾ ಸಂಪುಟಗಟ್ಟಲೆ ಬರೆದದ್ದನ್ನು ಇದು ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ಹಿಟ್ಟು ಎಂದರೆ ಇಲ್ಲಿ ರಾಗಿಮುದ್ದೆಯೇ. ಕುದಿಯುವ ಎಸರಿಗೆ ಬಿಟ್ಟು, ಗಂಟಿಲ್ಲದಂತೆ ಕೋಲಿನಲ್ಲಿ ತೊಳಸಿ, ಸುಡುವಾಗಲೇ ಕೈಗೆ ನೀರು ಮುಟ್ಟಿಸಿ ಕಟ್ಟಿದ್ದು. ಜೊತೆಗೆ ಉಪ್ಸಾರು: ಕಾಳು ಸೊಪ್ಪು ಬೇಯಿಸಿ ಉಪ್ಪು ಹಾಕಿ ಬಸಿದ ಕಟ್ಟು, ಪಕ್ಕದಲ್ಲಿ ರುಬ್ಬಿದ ಖಾರ. ಗಂಡ ಮೊದಲ ತುತ್ತು ನುಂಗಿ, “ಉಪ್ಪು ಒಸಿ ಕಮ್ಮಿ ಆಗದೆ ಕಣಮ್ಮಿ” ಎನ್ನುತ್ತಾನೆ. ವಿದ್ವಾಂಸರು ಇದನ್ನು ದೂರು ಎಂದು ಬಗೆದಾರು. ಅಲ್ಲ. ಅವನು ಎರಡನೇ ಮುದ್ದೆ ಹಾಕಿಸಿಕೊಳ್ಳುವುದನ್ನು ಕ್ಷೇತ್ರಕಾರ್ಯದಲ್ಲಿ ನಾವೇ ಕಂಡಿದ್ದೇವೆ. ಮೂರನೆಯದನ್ನು ನಾವು ಹಾಕಿಸಿಕೊಂಡೆವು.

ಮಳವಳ್ಳಿ ಪಂಥ ಮಾಂಸನಿಷ್ಠವಾದುದು. ಕುಳ್ಳ ಕಾಲಿನ ಬಂಡೂರು ಕುರಿಗೆ ಹೆಸರು ಕೊಟ್ಟ ಬಂಡೂರು ಇದೇ ತಾಲ್ಲೂಕಿನ ಹಳ್ಳಿ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು, ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿಗೆ ಹೊರಟುಹೋಯಿತು. ಮನೆಯ ಮಗಳು ದೂರದ ಊರಿಗೆ ಸೇರಿದಂತಾಯಿತು. ಮಳವಳ್ಳಿಯ ಪ್ರೇಮಿಗಳು ಬುಡ್ಡಿದೀಪದಲ್ಲೇ ಕಾಳುಸಾರು ಉಣ್ಣಬೇಕಾಯಿತು. ಈ ಸಂಗತಿಗೂ ಪ್ರಮೇಯಕ್ಕೂ ಸಂಬಂಧವಿಲ್ಲವೆಂದು ನಮ್ಮ ಮಾರ್ಗದರ್ಶಕರು ಹೇಳಿದ್ದಾರೆ. ಅವರು ಬೆಂಗಳೂರಿನವರು.

ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಮಳವಳ್ಳಿಯ ಮಿಲಿಟರಿ ಹೋಟೆಲೊಂದರಲ್ಲಿ ಕೈ ತೊಳೆಯಲು ಹಿಂಬದಿಗೆ ಹೋದಾಗ ತೊಡಕು ಕಂಡಿತು. ಬೋಟಿ ಗೊಜ್ಜಿಗೆ ಇಷ್ಟೊತ್ತು ನಾವು ಹೊಗಳಿದ ಕೈರುಚಿ ಗಲ್ಲಾದಲ್ಲಿ ಕೂತವನದಲ್ಲ, ಹೊಗೆಯಲ್ಲಿ ಮುದ್ದೆ ತೊಳಸುತ್ತಿದ್ದ ಹೆಂಗಸಿನದು. ಅವಳು ವೃತ್ತಿಪರ ಬಾಣಸಿಗಿತ್ತಿ. ಜೋಸೇ ಲಕ್ಷಣಗಳೆಲ್ಲ ಅವಳಲ್ಲಿವೆ: ವಯಸ್ಸು, ದುಡಿಮೆ, ಬಾಡಿಗೆ, ಬೆನ್ನುನೋವು. ಇಲ್ಲದ್ದು ಕಾದಂಬರಿಯೊಂದೇ.

ಆಗ ಗ್ರಂಥಾಲಯಕ್ಕೆ ಓಡಿದೆವು. ತ್ರಿವೇಣಿಯವರಿಂದ ಸಾಯಿಸುತೆಯವರವರೆಗೆ, ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಕಣ್ಣಾಡಿಸಿದೆವು. ನಾವು ಓದಿದಷ್ಟರಲ್ಲಿ ನಾಯಕಿ ಲೆಕ್ಚರರ್ ಆಗಿದ್ದಾಳೆ, ಡಾಕ್ಟರ್ ಆಗಿದ್ದಾಳೆ, ಟೈಪಿಸ್ಟ್ ಆಗಿದ್ದಾಳೆ. ಎಲ್ಲ ಆದಮೇಲೆ ಅವನಿಗೆ ಕಾಫಿ ಮಾಡಿ ತಂದಿದ್ದಾಳೆ. ಆ ಕಾಫಿಗೆ ಪಗಾರವಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನಲ್ಲಿ ಜೀವಮಾನವಿಡೀ ದುಡಿತವಿದೆ, ಪ್ರೇಮಕ್ಕೆ ಎಡೆಯೇ ಇಲ್ಲ. ಒಲವು ಮತ್ತು ಕೂಲಿ ಒಂದೇ ಒಲೆಯ ಮೇಲೆ ಬೇಯುವ ಕಥೆಯೊಂದೂ ನಮ್ಮ ಕೈಗೆ ಸಿಗಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲೇ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಾಹಿತ್ಯವೂ ಅಡುಗೆಯೂ ಎದುರುಬದುರಾದ ಅಪೂರ್ವ ಗಳಿಗೆ ಅದು. ಬಾಡೂಟ ಬೇಕೇ ಬೇಡವೇ ಎಂದು ನಾಡೆಲ್ಲ ವಾದಿಸಿತು. ನಾವು ಬಾಡೂಟದ ಪರ. ಬಡಿಸುವುದು ಏನನ್ನು ಎಂಬ ಗದ್ದಲದಲ್ಲಿ ಬೇಯಿಸುವವಳು ಯಾರು, ಅವಳಿಗೆ ದಿನಕ್ಕೆಷ್ಟು ಎಂದು ಕೇಳಿದ ದನಿ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ರಾಜ್ಯದಲ್ಲಿ 2002ರಿಂದ ನಡೆಯುತ್ತಿರುವ ಅಕ್ಷರ ದಾಸೋಹದಡಿ ಶಾಲೆಗಳ ಬಿಸಿಯೂಟ ಬೇಯಿಸುವವರು ಬಹುಪಾಲು ಹೆಂಗಸರು. ಅವರ ಕೈಗೆ ಬರುವುದು ಗೌರವಧನ. ಅದನ್ನು ಹೆಚ್ಚಿಸಿ ಎಂದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಕೂತದ್ದುಂಟು.

ಆದ್ದರಿಂದ ವಾರಪತ್ರಿಕೆಗಳ ಸಂಪಾದಕರಲ್ಲಿ ಈ ಸಂಶೋಧಕರ ವಿನಂತಿ. ಮುಂದಿನ ಧಾರಾವಾಹಿಯ ನಾಯಕಿ ಮದ್ದೂರಿನ ವಡೆ ತಟ್ಟುವವಳೋ ಮಳವಳ್ಳಿಯಲ್ಲಿ ಹಿಟ್ಟು ತೊಳಸುವವಳೋ ಆಗಿರಲಿ. ಅವಳಿಗೆ ಪ್ರೇಮಿ ಹತ್ತನೇ ಕಂತಿನಲ್ಲಿ ಸಿಕ್ಕರೂ ಸರಿಯೇ. ಸಂಬಳ ಎಷ್ಟೆಂದು ಮೊದಲ ಕಂತಿನಲ್ಲೇ ಅಚ್ಚು ಹಾಕಿ.